ನಿಂಗ್ಯಾಕೆ ಅದೆಲ್ಲ?

ಮೊನ್ನೆ ಭಾನುವಾರ ಮಂಡ್ಯದ ಹತ್ತಿರ ನಮ್ಮ ನಾದಿನಿ ಊರಿಗೆ ಹೋಗಿದ್ದೆ. ಆ ಕಡೆ ಹೋದರೆ ಆಲೆಮನೆಗೆ ಒಂದು ಸಲ ಇಣುಕದೆ ನನಗೆ ತಿಂದಿದ್ದು ಅರಗಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಪ್ರತಿ ವರ್ಷ ಕೊಪ್ಪರಿಗೆ ಫೋಟೋ ಹಾಕಿ ನಿಮ್ಮ ತಲೆ ತಿನ್ನುವವಳು ನಾನೇ ತಾನೆ. ಈ ಸಲ ಫೋಟೋ ಇಲ್ಲ. ಸಿಟ್ಟಿದೆ, ಅದನ್ನೇ ಹಾಕುತ್ತಿದ್ದೇನೆ.

ಕಬ್ಬಿನಹಾಲು ಕೊತಕೊತ ಕುದಿಯುತ್ತಿತ್ತು. ಪಾಕ ನೋಡಿಕೊಳ್ಳುವವರು ಮಗ್ಗಿನಲ್ಲಿ ಬೆಳ್ಳಗಿನ ನೀರು ತಂದು ಕೊಪ್ಪರಿಗೆಗೆ ಸುರಿದರು. ಸ್ವಲ್ಪ ಹೊತ್ತಿಗೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬಂತು. ಉದ್ದ ಹಿಡಿಯ ಜರಡಿಯಲ್ಲಿ ಅದನ್ನು ಬಾಚಿ ಬಾಚಿ ಹೊರಗೆ ಹಾಕುತ್ತಿದ್ದರು. ಹೈವೇ ಕಡೆಯಿಂದ ಕಾರಿನಲ್ಲಿ ಬಂದ ಒಂದು ಸಂಸಾರ ನಮ್ಮ ಪಕ್ಕದಲ್ಲೇ ನಿಂತಿತ್ತು. ಅವರ ಹುಡುಗನಿಗೆ ಎಂಟೋ ಒಂಬತ್ತೋ ಇರಬೇಕು. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವನು ಕೇಳಿಯೇ ಬಿಟ್ಟ. "ಅಂಕಲ್, ಅದೇನು ಹಾಕಿದ್ರಿ?"

"ಸುಣ್ಣದ ತಿಳಿ ಕಣಪ್ಪ."

"ಎಲೆ ಅಡಿಕೆಗೆ ಹಾಕ್ತಾರಲ್ಲ, ಆ ಸುಣ್ಣಾನಾ? ಬೆಲ್ಲಕ್ಕೆ ಯಾಕೆ?"

ಎಂಥ ಚೆಂದದ ಪ್ರಶ್ನೆ! ಅವರು ಜರಡಿ ಪಕ್ಕಕ್ಕಿಟ್ಟು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಪ್ಪ ಮಹಾಶಯ: "ಏಯ್, ನಿಂಗ್ಯಾಕೆ ಅದೆಲ್ಲ? ಅವರಿಗೆ ಕೆಲಸ ಇಲ್ವಾ? ಬಾ ಇಲ್ಲಿ, ಫೋಟೋಗೆ ನಿಂತ್ಕೋ." ಹುಡುಗ ನಿಂತ. ಫೋಟೋ ಆಯಿತು. ಕಬ್ಬಿನಹಾಲು ಕುಡಿದರು, ಎರಡು ಕೆಜಿ ಬೆಲ್ಲ ತಗೊಂಡರು, ಹೋದರು.

ಅಪ್ಪನಿಗೆ ಉತ್ತರ ಗೊತ್ತಿಲ್ಲದಿದ್ದರೆ ತಪ್ಪೇನೂ ಇಲ್ಲ. ಯಾರಿಗೆ ಎಲ್ಲ ಗೊತ್ತಿರುತ್ತದೆ? ಆದರೆ ಗೊತ್ತಿದ್ದ ಮನುಷ್ಯ ಎದುರಿಗೇ ನಿಂತಿದ್ದರು, ಹೇಳಲು ತಯಾರಿದ್ದರು. ಅರ್ಧ ನಿಮಿಷ ಸುಮ್ನೆ ನಿಂತಿದ್ದರೆ ಆಗುತ್ತಿತ್ತು. ಇವರ ಗಂಟೇನು ಹೋಗುತ್ತಿತ್ತು?

ಅವರು ಹೋದ ಮೇಲೆ ನಾನು ಕೇಳಿದೆ. ಆ ಮನುಷ್ಯನ ಮುಖ ನೋಡಬೇಕಿತ್ತು ನೀವು. "ಹಾಲಲ್ಲಿ ಹುಳಿ ಇರ್ತದಕ್ಕ. ಹುಳಿ ಒಡೀಲಿಲ್ಲ ಅಂದ್ರೆ ಬೆಲ್ಲ ಕಟ್ಟಾಕಿಲ್ಲ, ಅಂಟಂಟು ಆಯ್ತದೆ. ಸುಣ್ಣ ಜಾಸ್ತಿ ಆದ್ರೆ ಕರ್ರಗಾಯ್ತದೆ." ಅಷ್ಟೇ ವಿಷಯ. ಕಬ್ಬಿನಹಾಲು ಸ್ವಲ್ಪ ಹುಳಿ. ಹುಳಿಯಲ್ಲೇ ಕುದಿಸಿದರೆ ಸಕ್ಕರೆ ಅಂಶ ಒಡೆದುಹೋಗಿ ಅಚ್ಚು ಗಟ್ಟಿಯಾಗಲ್ಲ. ಸುಣ್ಣ ಆ ಹುಳಿ ತೆಗೆಯುತ್ತದೆ, ಕೊಳೆಯನ್ನೂ ಒಟ್ಟು ಮಾಡಿ ಮೇಲಕ್ಕೆ ತರುತ್ತದೆ. ಮೊದಲೆಲ್ಲ ಬೆಂಡೆ ಗಿಡ ಜಜ್ಜಿ ಅದರ ಲೋಳೆಯನ್ನೂ ಹಾಕುತ್ತಿದ್ದರಂತೆ, ಕೊಳೆ ಅದಕ್ಕೆ ಅಂಟಿಕೊಂಡು ಬರಲಿ ಅಂತ. ಕೊನೆಗೆ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ ನನ್ನ ಅಂಗೈಗೇ ಇಟ್ಟರು. ಇಷ್ಟು ಗಟ್ಟಿ ಬಂದರೆ ಅಚ್ಚಿಗೆ ಹೊಯ್ಯಬಹುದು ಅಂತ. ಥರ್ಮಾಮೀಟರ್ ಇಲ್ಲ, ಏನಿಲ್ಲ. ಇದೆಲ್ಲ ಆ ಹುಡುಗನಿಗೆ ಸಿಗಬೇಕಿತ್ತು. ಸಿಕ್ಕಿದ್ದು ಐವತ್ತೇಳು ವರ್ಷದ ನನಗೆ.

ಇನ್ನೊಂದು ಮಾತು. ಆ ಅಪ್ಪ ಬೆಲ್ಲ ಕೊಳ್ಳುವಾಗ ಏನು ಹೇಳಿದರು ಗೊತ್ತಾ? "ಇದು ಕಪ್ಪಗಿದೆ, ಬೆಳ್ಳಗಿರೋದು ಕೊಡಿ." ಅಲ್ಲ ಸ್ವಾಮಿ, ಬೆಲ್ಲ ಯಾಕೆ ಬೆಳ್ಳಗಿರುತ್ತದೆ ಅಂತ ಒಂದು ಸಲವಾದರೂ ಕೇಳಿದ್ದೀರಾ? ಕಬ್ಬಿನ ತಳಿ, ಮಣ್ಣು, ಪಾಕದ ಹದ, ಇವೆಲ್ಲ ಬಣ್ಣ ಬದಲಾಯಿಸುತ್ತವೆ, ನಿಜ. ಆದರೆ ಬೆಳ್ಳಗೆ ಹಳದಿಯಾಗಿ ಫಳಫಳ ಅಂತಿದ್ದರೆ ಬಹಳ ಸಲ ಅದು ಹೈಡ್ರೋಸ್ ಅನ್ನುವ ಪುಡಿಯ ಕೆಲಸ, ಬಟ್ಟೆಯ ಬಣ್ಣ ತೆಗೆಯಲೂ ಅದನ್ನೇ ಬಳಸುತ್ತಾರೆ. ಅದರ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಕೊಳ್ಳುವವರು ಬಿಳಿ ಕೇಳುತ್ತಾರೆ, ಅದಕ್ಕೇ ರೇಟು ಜಾಸ್ತಿ, ಆಲೆಮನೆಯವರು ಹಾಕುತ್ತಾರೆ. ಆಮೇಲೆ ನಾವೇ "ಎಲ್ಲ ಕಲಬೆರಕೆ ರೀ" ಅಂತ ಗೊಣಗುತ್ತೇವೆ. ಮಗನನ್ನು ಪ್ರಶ್ನೆ ಕೇಳಲು ಬಿಟ್ಟಿದ್ದರೆ ಅಪ್ಪನಿಗೂ ಇದು ಬಿಟ್ಟಿಯಾಗಿ ತಿಳಿಯುತ್ತಿತ್ತು.

ಹಾಗಂತ ನಮ್ಮ ಜನಕ್ಕೆ ಕುತೂಹಲ ಇಲ್ಲ ಅನ್ನಬೇಡಿ. ಅಯ್ಯೋ, ಎಷ್ಟು ಬೇಕು! ಪಕ್ಕದ ಮನೆ ಹುಡುಗಿ ಯಾಕಿನ್ನೂ ಮದುವೆ ಆಗಿಲ್ಲ, ಅವಳ ಸಂಬಳ ಎಷ್ಟು, ಬಾಡಿಗೆಗೆ ಬಂದವರು "ಯಾವ ಪೈಕಿ"! ನಮ್ಮ ಕುವೆಂಪುನಗರದ ವಾಕಿಂಗ್ ಬಳಗಕ್ಕೆ ಬನ್ನಿ. ಗುಪ್ತಚರ ಇಲಾಖೆಯವರು ಅಲ್ಲೇ ಬಂದು ಟ್ರೇನಿಂಗ್ ತಗೋಬೇಕು. ಅದಕ್ಕೆ ಮಾತ್ರ ಯಾರೂ "ನಿಂಗ್ಯಾಕೆ ಅದೆಲ್ಲ" ಅನ್ನಲ್ಲ.

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ನಾದಿನಿ ಗಂಡನ ಹತ್ತಿರ ಹೇಳಿಕೊಂಡೆ. ಅಣ್ಣ ಮುದ್ದೆ ಮುರಿಯುತ್ತಾ ನಕ್ಕರು. "ಬುಡಮ್ಮ, ಪ್ರಶ್ನೆ ಕೇಳಿದ್ರೆ ಹೊಟ್ಟೆ ತುಂಬ್ತದಾ?"

ತುಂಬುತ್ತದೆ ಅಣ್ಣಾ! ಅದೂ ಮಂಡ್ಯದಲ್ಲಿ ಕೂತು, ಮುದ್ದೆ ಕೈಯಲ್ಲಿ ಹಿಡಿದು ಕೇಳುವ ಪ್ರಶ್ನೆಯೇ ಇದು? ಅಲ್ಲೇ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅಂತ ಒಬ್ಬರಿದ್ದರು. ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯುತ್ತಿದ್ದರು. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಅಷ್ಟು ಚಿಕ್ಕದು. ಅದೂ ತನ್ನ ಪರಾಗದಿಂದ ತಾನೇ ಕಾಳು ಕಟ್ಟಿಕೊಳ್ಳುವ ಗಿಡ. ಒಂದು ತಳಿಗೆ ಇನ್ನೊಂದನ್ನು ಕೂಡಿಸುವುದು ಭಾರಿ ಕಷ್ಟದ ಕೆಲಸ. ಆದರೂ ಅವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿದರು. ಅದರಿಂದಲೇ ಬಂದಿದ್ದು ಇಂಡಾಫ್ ತಳಿಗಳು. ಇಂಡಾಫ್ 5, 7, 9 ಅಂತ ಹಳೇ ರೈತರನ್ನು ಕೇಳಿ, ಮಕ್ಕಳ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಇಳುವರಿ ಏರಿತು, ಎಷ್ಟೋ ಮನೆಯ ಕಣಜ ತುಂಬಿತು. ಬಡವರ ಕಾಳು, ಇದರಲ್ಲಿ ನೋಡಲು ಏನಿದೆ ಅಂತ ಅವರೂ ಬಿಟ್ಟಿದ್ದರೆ? ಇಷ್ಟು ಹೇಳಿದ ಮೇಲೆ ಅಣ್ಣ ಇನ್ನೊಂದು ಮುದ್ದೆ ಹಾಕಿಸಿಕೊಂಡರು, ಮಾತಾಡಲಿಲ್ಲ. ನಾದಿನಿ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದಳು.

ಅವರ ಮಗ, ಇಂಜಿನಿಯರಿಂಗ್ ಓದುತ್ತಿರುವವನು, ಇನ್ನೊಂದು ತಗಾದೆ ತೆಗೆದ. "ಅತ್ತೆ, ಈಗ ಯಾರನ್ನೂ ಕೇಳೋದೇ ಬೇಡ, ಎಲ್ಲ ಫೋನಲ್ಲಿದೆ." ಇದೆಯಪ್ಪಾ, ಯಾರು ಇಲ್ಲ ಅಂದಿದ್ದು? ಆದರೆ ಅದನ್ನೂ ಕೇಳಬೇಕಲ್ಲ. ಕೆಆರ್‌ಎಸ್ 124.80 ಅಡಿ ತುಂಬಿತು ಅಂತ ಸ್ಟೇಟಸ್ ಹಾಕಿದ್ದನಲ್ಲ, ಕ್ಯೂಸೆಕ್ ಅಂದರೇನು ಅಂತ ಕೇಳಿದೆ. ತಲೆ ಕೆರೆದುಕೊಂಡ. ಫೋನ್ ಕೈಯಲ್ಲೇ ಇತ್ತು, ಪಾಪ. ನನಗೆ ಅದನ್ನು ಹೇಳಿಕೊಟ್ಟಿದ್ದು ಮದ್ದೂರಿನ ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬ ರೈತರು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್, ಸುಮಾರು 28 ಲೀಟರು. 11,574 ಕ್ಯೂಸೆಕ್ ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಕಟ್ಟೆ ಹಿಡಿಸುವುದು 49.45 ಟಿಎಂಸಿ. ಈ ಲೆಕ್ಕ ತಲೆಯಲ್ಲಿದ್ದರೆ ಒಳಹರಿವು ಇಷ್ಟು ಅಂತ ಟಿವಿಯಲ್ಲಿ ಬಂದ ತಕ್ಷಣ ಕಟ್ಟೆ ಯಾವಾಗ ತುಂಬಬಹುದು ಅಂತ ನಾವೇ ಅಂದಾಜು ಹಾಕಬಹುದು. ಆ ರೈತರು ಹಾಕುತ್ತಿದ್ದರು, ಬೀಡಿ ಪ್ಯಾಕಿನ ಹಿಂದೆ.

ನಿಜ ಹೇಳಲಾ? ಈ ಸಿಟ್ಟು ಆ ಹುಡುಗನ ಅಪ್ಪನ ಮೇಲೆ ಮಾತ್ರ ಅಲ್ಲ. ಮೂವತ್ತು ವರ್ಷದ ಮೇಲಾಯಿತು ಬ್ಯಾಂಕಿನ ಕೌಂಟರಿನಲ್ಲಿ ಕೂತು. ಆ ಹುಡುಗ ಬೆಳೆದು ಏನಾಗುತ್ತಾನೆ ಅಂತ ದಿನಾ ನೋಡುವವಳು ನಾನು. ಅವನು ನನ್ನ ಮುಂದೆ ಬಂದು ನಿಲ್ಲುತ್ತಾನೆ, ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಎಲ್ಲಿ ಸೈನ್ ಮಾಡ್ಬೇಕು?" ಹತ್ತು ಪುಟದ ಸಾಲದ ಕಾಗದವಿದ್ದರೂ ಅಷ್ಟೇ. ಬಡ್ಡಿ ಏರಿಳಿಯುವುದಾ, ಒಂದೇ ಇರುವುದಾ? ಜೊತೆಗೆ ಸೇರಿಸಿರುವ ಇನ್ಶೂರೆನ್ಸ್ ಬೇಕೇ ಬೇಕಾ? ಕೇಳಲ್ಲ. ನಾನಾಗಿ ಹೇಳಲು ಹೋದರೆ "ಇರ್ಲಿ ಬಿಡಿ ಮೇಡಂ, ನಿಮಗೆ ಗೊತ್ತಿರುತ್ತಲ್ಲ" ಅಂತಾರೆ.

ಕಳೆದ ತಿಂಗಳು ಒಬ್ಬ ಹೆಂಗಸು ಬಂದಿದ್ದಳು. ಗಂಡ ತೀರಿಕೊಂಡು ಸ್ವಲ್ಪ ದಿನವಾಗಿತ್ತು, ಅವನ ಖಾತೆ ಮುಚ್ಚಬೇಕಿತ್ತು. ಪಾಸ್‌ಬುಕ್ ತಿರುವಿದೆ. ಮೇ ತಿಂಗಳಲ್ಲಿ 436 ರೂಪಾಯಿ ಕಡಿತ, ಹಿಂದಿನ ಮೇನಲ್ಲೂ ಅಷ್ಟೇ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಜೂನ್ 1ರಿಂದ ಮೇ 31ರವರೆಗೆ ಲೆಕ್ಕ, ಆ ಅವಧಿಯಲ್ಲಿ ತೀರಿಕೊಂಡರೆ ನಾಮಿನಿಗೆ ಎರಡು ಲಕ್ಷ. "ಇದೇನು ಅಂತ ಮನೇಲಿ ಯಾರೂ ಕೇಳಿರಲಿಲ್ವಾ?" ಅಂದೆ. "ಬ್ಯಾಂಕ್‌ನೋರು ಸುಮ್ನೆ ಹಿಡ್ಕೋತಾರೆ ಅಂತ ಬೈಕೋತಿದ್ರು ಅಕ್ಕಾ" ಅಂದಳು. ಬೈದುಕೊಂಡಿದ್ದಾನೆ, ಆದರೆ ಬಂದು ಕೇಳಿಲ್ಲ! ಖಾತೆ ಮುಚ್ಚಲು ಸೈನ್ ಹಾಕಿ ಹೋಗಿಬಿಟ್ಟಿದ್ದರೆ? ಆವತ್ತು ಕ್ಲೇಮ್ ಫಾರಂ ತುಂಬಿಸಿ ಕಳಿಸಿದೆ. ಹಾಗೆ ಸೈನ್ ಹಾಕಿ ಹೋದವರು ಎಷ್ಟು ಜನವೋ ಅಂತ ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಇರಲಿ.

ನೀವೂ ಈಗಲೇ ನಿಮ್ಮ ಪಾಸ್‌ಬುಕ್ ತೆಗೆದು ನೋಡಿ. 436 ಕಂಡರೆ, ಅಥವಾ ಅಪಘಾತ ವಿಮೆಯ 20 ರೂಪಾಯಿ ಕಂಡರೆ, ಮನೆಯವರಿಗೆ ಹೇಳಿಡಿ.

ಕೇಳುವವರು ಇಲ್ಲವೇ ಇಲ್ಲ ಅಂತಲ್ಲ. ನಿನ್ನೆಯೇ ಒಬ್ಬ ಯಜಮಾನರು ಬಂದಿದ್ದರು, ಟಿ. ನರಸೀಪುರದ ಕಡೆಯವರು, ತಲೆಗೆ ಟವಲ್. ಉಳಿತಾಯ ಖಾತೆಗೆ ಬಡ್ಡಿ ಜಮಾ ಆಗಿದ್ದು ನೋಡಿ, "ಅವ್ವಾ, ಇದು ಹೆಂಗೆ ಲೆಕ್ಕ?" ಅಂದರು. ಹೇಳಿದೆ. ಮೊದಲೆಲ್ಲ ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ದುಡ್ಡು ಇತ್ತೋ ಅದಕ್ಕೆ ಮಾತ್ರ ಬಡ್ಡಿ ಇತ್ತು. 2010ರ ಏಪ್ರಿಲ್‌ನಿಂದ ದಿನ ದಿನದ ಬ್ಯಾಲೆನ್ಸಿಗೆ ಲೆಕ್ಕ. ಅವರಿಗೆ ಸಮಾಧಾನವಾಗಲಿಲ್ಲ. "ದಿನಾ ಲೆಕ್ಕ ಹಾಕೋರು ದಿನಾ ಯಾಕೆ ಕೊಡಲ್ಲ? ಮೂರು ತಿಂಗಳು ಯಾಕೆ ಮಡಿಕೊಂಡಿರ್ತೀರಿ?" ಹಿಂದೆ ಕ್ಯೂನಲ್ಲಿದ್ದವರು ಗೊಣಗಲು ಶುರು ಮಾಡಿದರು. ಒಬ್ಬ ಪ್ಯಾಂಟು ಶರ್ಟಿನವನು "ನಿಮಗ್ಯಾಕೆ ಯಜಮಾನ್ರೇ ಅದೆಲ್ಲ" ಅಂದೇ ಬಿಟ್ಟ. ನನಗೆ ಎಲ್ಲಿತ್ತೋ ಸಿಟ್ಟು, "ಅವರು ಕೇಳಲಿ, ನೀವು ಬೇಕಾದರೆ ಎಟಿಎಂಗೆ ಹೋಗಿ" ಅಂದೆ.

ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ ಮ್ಯಾನೇಜರ್ ರೂಮಿಗೆ ಹೋದೆ. ಅವರು ಮೊದಲು "ಅದು ರೂಲ್ ಮೇಡಂ" ಅಂದರು. ಯಾಕೆ ಆ ರೂಲ್ ಅಂದೆ. ಕನ್ನಡಕ ತೆಗೆದು ಒರೆಸಿಕೊಂಡರು. ಸಾಯಂಕಾಲ ನಾನು ಹೊರಡುವಾಗಲೂ ಹಳೇ ಸರ್ಕ್ಯುಲರ್ ಹುಡುಕುತ್ತಿದ್ದರು. ಯಜಮಾನರು ಸೋಮವಾರ ಮತ್ತೆ ಬರುತ್ತಾರೆ, ಉತ್ತರ ಸಿಕ್ಕಿದರೆ ಇಲ್ಲೇ ಹಾಕುತ್ತೇನೆ.