ಪಿಕಪ್ ಅಳೆಯಬೇಕಾದ್ದು ಕಬ್ಬಿನ ಟ್ರ್ಯಾಕ್ಟರ್ ಹಿಂದೆ

ಕಬ್ಬಿನ ಹಂಗಾಮಿನಲ್ಲಿ ಲೋಕಾಪುರ–ಮುಧೋಳ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಪಿಕಪ್ ಬಗ್ಗೆ, ಅಂದರೆ ಕಾಲು ಒತ್ತಿದಾಗ ಗಾಡಿ ಎಷ್ಟು ಬೇಗ ನುಗ್ಗುತ್ತೆ ಅನ್ನೋದರ ಬಗ್ಗೆ, ನಾನು ಹೇಳೋದು ಬೇಗ ಅರ್ಥ ಆಗುತ್ತದೆ. ಮುಂದೆ ಡಬಲ್ ಟ್ರೇಲರ್ ಟ್ರ್ಯಾಕ್ಟರ್. ಎರಡೂ ಬದಿಗೆ ಚಾಚಿಕೊಂಡ ಕಬ್ಬು. ಹಾಡಿನ ಸದ್ದಿಗೆ ನಮ್ಮ ಹಾರ್ನ್ ಡ್ರೈವರ್‌ಗೆ ಕೇಳಿಸೋದೇ ಇಲ್ಲ. ಇಪ್ಪತ್ತರ ಸ್ಪೀಡಿನಲ್ಲಿ ಅದರ ಬೆನ್ನು ಹಿಡಿದು ಹೋಗುತ್ತಾ, ಎದುರಿನ ರಸ್ತೆ ಯಾವಾಗ ಖಾಲಿ ಆಗುತ್ತೋ ಅಂತ ಕಾಯಬೇಕು.

ಕಳೆದ ಹಂಗಾಮಿನಲ್ಲಿ ಪುಣೆಯಿಂದ ಕಾಕಾನ ಮಗ, ನಮ್ಮ ಅಣ್ಣ, ಬಾಗಲಕೋಟೆಗೆ ಬಂದಿದ್ದ. ಅವನದು ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿ. ಪೆಟ್ರೋಲ್ ಇಂಜಿನ್ನೂ ಇದೆ, ಮೋಟಾರೂ ಇದೆ, ಮನೆಯಲ್ಲಿ ಚಾರ್ಜ್ ಕೂಡ ಹಾಕಬಹುದು. ನನ್ನದು ಮಹೀಂದ್ರಾ ಎಕ್ಸ್‌ಇವಿ 9ಇ, ಪೂರ್ತಿ ಎಲೆಕ್ಟ್ರಿಕ್, 79 ಕಿಲೋವ್ಯಾಟ್ ಅವರ್ ಬ್ಯಾಟರಿಯದು. ಕಂಪನಿ ಹೇಳುವ ಪ್ರಕಾರ ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ 6.8 ಸೆಕೆಂಡ್. ಅಣ್ಣನ ಗಾಡಿ ಕಾಗದದ ಮೇಲೆ ಇದಕ್ಕಿಂತ ಜೋರು. ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು.

ಮರುದಿನ ಮಹಾಲಿಂಗಪುರಕ್ಕೆ ಮದುವೆಗೆ ಅವನ ಗಾಡಿಯಲ್ಲೇ ಹೊರಟೆವು. ಪುಣೆಯಿಂದ ಬರುವಾಗಲೇ ಬ್ಯಾಟರಿ ಇಳಿದಿತ್ತು. ರಾತ್ರಿ ನಮ್ಮ ಮನೆಯ ಚಾರ್ಜರ್‌ಗೆ ನನ್ನ ಗಾಡಿ ಹಾಕಿದ್ದೆ, ಅವನದು ಹಾಗೇ ಉಳಿಯಿತು. ಲೋಕಾಪುರ ದಾಟಿದ ಮೇಲೆ ಟ್ರ್ಯಾಕ್ಟರ್ ಸಿಕ್ಕಿತು. ಎದುರು ದೂರದಲ್ಲಿ ಒಂದು ಬಸ್ಸು. ಜಾಗ ಸಾಕಷ್ಟಿತ್ತು. ಅಣ್ಣ ಇಂಡಿಕೇಟರ್ ಹಾಕಿ ಬಲಕ್ಕೆ ತೆಗೆದು ಎಕ್ಸಲರೇಟರ್ ತುಳಿದ. ಗಾಡಿ ಒಂದು ಸಲ ಮುಂದಕ್ಕೆ ಜಗ್ಗಿತು. ಆಮೇಲೆ ಉಸಿರು ಹಿಡಿದಂಗೆ ತಡೆಯಿತು. ಇಂಜಿನ್ ಗುರ್ ಅಂತ ಎದ್ದಿತು. ಆಮೇಲೆ ಒಮ್ಮೆಲೇ ನುಗ್ಗಿತು. ದಾಟಿದೆವು, ಏನೂ ಆಗಲಿಲ್ಲ. ಆದರೆ ಬಸ್ಸಿನವನು ಲೈಟ್ ಹೊಡೆದದ್ದು, ಹಿಂದೆ ಕೂತಿದ್ದ ಅವ್ವ ನನ್ನ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಇನ್ನೂ ಕಣ್ಮುಂದೆ ಇದೆ. "ನಡುವ ಯಾಕ ನಿಂತಂಗಾತೋ ತಮ್ಮಾ?" ಅಂತ ಕೇಳಿದಳು.

ಅವ್ವನ ಆ ಪ್ರಶ್ನೆಗೆ ಉತ್ತರ ಯಾವ ಬ್ರೋಷರ್‌ನಲ್ಲೂ ಸಿಗಲ್ಲ. ಸೊನ್ನೆಯಿಂದ ನೂರು ಅನ್ನೋದು ನಿಂತ ಗಾಡಿಯ ಲೆಕ್ಕ. ಬ್ಯಾಟರಿ ತುಂಬಿರುತ್ತೆ, ಗಾಡಿಯ ಪೂರ್ತಿ ಬಲ ಸಿಗುವ ಸ್ಪೋರ್ಟ್ ಮೋಡ್ ಹಾಕಿರ್ತಾರೆ, ಇಂಜಿನ್ ಮೋಟಾರ್ ಎರಡೂ ರೆಡಿ ಇರುತ್ತವೆ. ನಮ್ಮ ರಸ್ತೆಯಲ್ಲಿ ಹಾಗಿರಲ್ಲ. ನಿಧಾನ ಹೋಗುವಾಗ ಹೈಬ್ರಿಡ್ ಇಂಜಿನ್ ಆಫ್ ಮಾಡಿಕೊಂಡಿರುತ್ತೆ, ಅದರ ಕೆಲಸವೇ ಪೆಟ್ರೋಲ್ ಉಳಿಸೋದು. ನೀವು ಜೋರಾಗಿ ತುಳಿದಾಗ ಇಂಜಿನ್ ಸ್ಟಾರ್ಟ್ ಆಗಬೇಕು, ಕ್ಲಚ್ ಕೂಡಬೇಕು, ಗಿಯರ್ ಇಳಿಯಬೇಕು. ಆ ಹೊತ್ತಿಗೆ ತುಂಬಿದ ಬ್ಯಾಟರಿ ಇದ್ದರೆ ಮೋಟಾರ್ ಕೈ ಹಿಡಿಯುತ್ತೆ, ಇಳಿದಿದ್ದರೆ ಅಷ್ಟು ಬಲ ಇರಲ್ಲ. ಇದೆಲ್ಲಾ ಒಂದು ಸೆಕೆಂಡಿನ ಆಟ ಅನ್ನಬಹುದು. ಎದುರಿನ ಬಸ್ಸು 60ರಲ್ಲಿ, ನೀವು 60ರಲ್ಲಿ ಇದ್ದರೆ ಆ ಒಂದು ಸೆಕೆಂಡಿಗೆ ನಡುವಿನ ಅಂತರ 33 ಮೀಟರ್ ಕರಗುತ್ತದೆ. ಹೆಚ್ಚುಕಡಿಮೆ ಮೂರು ಬಸ್ಸಿನ ಉದ್ದ.

ಎಲೆಕ್ಟ್ರಿಕ್‌ನಲ್ಲಿ ಈ ತಡೆಯೇ ಇಲ್ಲ. ಎಬ್ಬಿಸೋಕೆ ಇಂಜಿನ್ ಇಲ್ಲ, ಬದಲಿಸೋಕೆ ಗಿಯರ್ ಇಲ್ಲ. ಮೋಟಾರ್ ತನ್ನ ಪೂರ್ತಿ ಎಳೆತವನ್ನು ಮೊದಲ ಸುತ್ತಿನಿಂದಲೇ ಕೊಡುತ್ತದೆ. ನನ್ನ ಗಾಡಿಯದು 380 ನ್ಯೂಟನ್ ಮೀಟರ್. ಕಾಲು ಒತ್ತಿದ ಗಳಿಗೆಗೇ ಬೆನ್ನು ಸೀಟಿಗೆ ಅಂಟುತ್ತೆ.

ದೊಡ್ಡ ಗಾಡಿಗಳ ಲೆಕ್ಕ ಬೇಕಾದರೆ ನೋಡಿ. ಬಿಎಂಡಬ್ಲ್ಯು ಎಕ್ಸ್‌ಎಂ ಪ್ಲಗ್-ಇನ್ ಹೈಬ್ರಿಡ್. ಇಂಜಿನ್ 489, ಮೋಟಾರ್ 197, ಎರಡೂ ಕೂಡಿ 653 ಅಶ್ವಶಕ್ತಿ. ನೂರಕ್ಕೆ 4.3 ಸೆಕೆಂಡ್. ಅದ್ಭುತವೇ. ಆದರೆ ಬರೀ ಮೋಟಾರ್ ಮೇಲೆ ಹೋಗುವಾಗ 2.7 ಟನ್ ಗಾಡಿಯನ್ನು ಎಳೆಯೋದು ಆ 197 ಮಾತ್ರ. 2022ರಲ್ಲಿ ಬಂದಾಗ ಶೋರೂಂ ಬೆಲೆಯೇ 2.6 ಕೋಟಿ. ಅದೇ ವರ್ಷ ಬಂದ ವೋಲ್ವೋ ಎಕ್ಸ್‌ಸಿ40 ರೀಚಾರ್ಜ್, ಹೊಸಕೋಟೆಯಲ್ಲಿ ಜೋಡಿಸಿದ ಎಲೆಕ್ಟ್ರಿಕ್, 4.9 ಸೆಕೆಂಡ್, ಆಗ 56 ಲಕ್ಷದ ಆಸುಪಾಸು ಇತ್ತು. ಟಾಟಾ ಹ್ಯಾರಿಯರ್ ಇವಿಯ ನಾಲ್ಕೂ ಚಕ್ರ ಎಳೆಯುವ ಮಾಡೆಲ್ 6.3 ಸೆಕೆಂಡ್ ಅನ್ನುತ್ತೆ, 2025ರಲ್ಲಿ ಬಂದಾಗ ಶೋರೂಂ ಬೆಲೆ 30 ಲಕ್ಷದ ಒಳಗಿತ್ತು.

ಮದುವೆ ಮುಗಿದ ವಾರದಲ್ಲಿ ಒಂದು ಬೆಳಗ್ಗೆ ಹುನಗುಂದದ ಕಡೆ ನಾಲ್ಕು ಲೇನ್ ಹೆದ್ದಾರಿಗೆ ಎರಡೂ ಗಾಡಿ ಒಯ್ದೆವು. ರೇಸ್ ಅಲ್ಲ. ಒಂದೊಂದೇ ಗಾಡಿ, 60ರಿಂದ 100ರವರೆಗೆ ಮಾತ್ರ, ಪಕ್ಕದಲ್ಲಿ ಕೂತವರು ಫೋನಿನಲ್ಲಿ ಟೈಮ್ ಹಿಡಿದರು. ನನ್ನದು ಮೂರು ಸಲವೂ ಹೆಚ್ಚುಕಡಿಮೆ ಒಂದೇ. ಅಣ್ಣನದು ಮೂರು ಸಲ ಮೂರು ತರ. ಬ್ಯಾಟರಿ ತುಂಬಿಸಿ ಸ್ಪೋರ್ಟ್ ಹಾಕಿದಾಗ ನನ್ನನ್ನು ಮೀರಿಸಿತು, ನಿಜ. ಮಾಮೂಲಿ ಮೋಡ್‌ಗೆ ಬಂದಾಗ ಹಿಂದೆ ಬಿತ್ತು. ನನಗೆ ಬೇಕಾದ ಉತ್ತರ ಅಲ್ಲೇ ಸಿಕ್ಕಿತು. ಓವರ್‌ಟೇಕ್ ಮಾಡುವವನಿಗೆ ಗಾಡಿ ಎಷ್ಟು ಜೋರು ಅನ್ನೋದಕ್ಕಿಂತ, ಪ್ರತಿ ಸಲ ಅಷ್ಟೇ ಜೋರು ಇರುತ್ತಾ ಅನ್ನೋದು ಮುಖ್ಯ.

ಎಲೆಕ್ಟ್ರಿಕ್‌ಗೂ ಮಿತಿ ಇದೆ. ಸ್ಪೀಡ್ ಏರಿದಂತೆ ಎಳೆತ ಇಳಿಯುತ್ತೆ. ಚಾರ್ಜ್ ತೀರಾ ಕಡಿಮೆ ಆದರೆ ಪವರ್ ತಾನೇ ಕಡಿತ ಆಗುತ್ತೆ. ದೂರದ ಊರಿಗೆ ಹೋಗುವಾಗ ಅಣ್ಣನಿಗೆ ಇರುವ ನಿಶ್ಚಿಂತೆ ನನಗಿಲ್ಲ.

ಇನ್ನೊಂದು ಮಾತು, ಹೊಸದಾಗಿ ಇಂಥ ಗಾಡಿ ತಗೊಂಡ ಹುಡುಗರಿಗೆ. ಪಿಕಪ್ ಇದೆ ಅಂತ ಸಣ್ಣ ಸಂದಿಗೆ ನುಗ್ಗಬೇಡಿ. ಮೊದಲು ಎಷ್ಟು ಜಾಗ ಬಿಟ್ಟು ದಾಟುತ್ತಿದ್ದಿರೋ ಅಷ್ಟೇ ಜಾಗ ಬಿಡಿ. ಎದುರು ಬರುವ ಬೈಕಿನವನು ಹೆಂಡತಿ ಮಗುವನ್ನು ಕೂರಿಸಿಕೊಂಡು ಸಂತೆಯಿಂದ ಬರ್ತಿರ್ತಾನೆ. ನಿಮ್ಮ ಗಾಡಿ ಇಷ್ಟು ಬೇಗ ಹತ್ತಿರ ಬರುತ್ತೆ ಅನ್ನೋ ಅಂದಾಜು ಅವನಿಗಿರಲ್ಲ. ರಾಂಗ್ ಸೈಡಿನಲ್ಲಿ ಇರುವ ಹೊತ್ತು ಕಡಿಮೆ ಆಗಲಿ ಅಂತ ಈ ಬಲ ಬಳಸಿ.

ಅಣ್ಣ ಈಗ ಎರಡು ಲೇನ್ ರಸ್ತೆಗೆ ಇಳಿಯುವ ಮೊದಲೇ ಸ್ಪೋರ್ಟ್ ಮೋಡ್ ಹಾಕ್ತಾನೆ, ಇಂಜಿನ್ ಚಾಲೂ ಇರಲಿ ಅಂತ. ಬ್ಯಾಟರಿ ಕಾಲು ಭಾಗ ಉಳಿಸಿಕೊಳ್ತಾನೆ. ನಿಮ್ಮಲ್ಲಿ ಯಾರ ಹತ್ತಿರ ಪ್ಲಗ್-ಇನ್ ಹೈಬ್ರಿಡ್ ಇದೆಯೋ, ಬ್ಯಾಟರಿ ತುಂಬಿದಾಗ ಮತ್ತು ಇಳಿದಾಗ 60ರಿಂದ 100ಕ್ಕೆ ಎಷ್ಟು ಹೊತ್ತು ಆಗುತ್ತೆ ಅಂತ ಕೆಳಗೆ ಬರೆಯಿರಿ. ಖಾಲಿ ಇರುವ ನಾಲ್ಕು ಲೇನ್ ರಸ್ತೆಯಲ್ಲೇ ಅಳೆಯಿರಿ. ಫೋನ್ ಪಕ್ಕದವರ ಕೈಗೆ ಕೊಡಿ.