ವ್ಯಾಲೆಂಟೈನರ ಪರವಾಗಿ ಬರೆದ ಚೀಟಿ

ಫೆಬ್ರುವರಿಯ ವ್ಯಾಲೆಂಟೈನ್ ದಿನ ಬಂತೆಂದರೆ ಮೂರನೆಯ ಶತಮಾನದ ರೋಮಿನ ಬಗ್ಗೆ ಜನರಲ್ಲಿ ಉಕ್ಕುವ ಪಾಂಡಿತ್ಯಕ್ಕೆ ಇತಿಹಾಸದ ಪ್ರಾಧ್ಯಾಪಕರೂ ನಾಚಬೇಕು. ಚಕ್ರವರ್ತಿ ಎರಡನೆಯ ಕ್ಲಾಡಿಯಸ್ ಸೈನಿಕರ ಮದುವೆ ನಿಷೇಧಿಸಿದ, ಪಾದ್ರಿ ವ್ಯಾಲೆಂಟೈನ್ ಗುಟ್ಟಾಗಿ ಮದುವೆ ಮಾಡಿಸಿ ಸೆರೆಸಿಕ್ಕರು, ಜೈಲರನ ಮಗಳಿಗೆ ‘ನಿನ್ನ ವ್ಯಾಲೆಂಟೈನ್’ ಎಂದು ಸಹಿ ಹಾಕಿದ ಚೀಟಿ ಬಿಟ್ಟು ತಲೆ ಕೊಟ್ಟರು ಎಂಬ ವಾಟ್ಸ್‌ಆ್ಯಪ್ ಪುರಾಣ ಈ ವರ್ಷವೂ ತಪ್ಪದೆ ಬಂದಿದೆ. 268ರಿಂದ 270ರವರೆಗಷ್ಟೇ ಆಳಿ, ಆ ಅವಧಿಯ ಬಹುಪಾಲನ್ನು ಯುದ್ಧಗಳಲ್ಲೇ ಕಳೆದ ಕ್ಲಾಡಿಯಸ್ ಇಂಥದ್ದೊಂದು ಆಜ್ಞೆ ಹೊರಡಿಸಿದ್ದಕ್ಕೆ ಆ ಕಾಲದ ದಾಖಲೆ ಒಂದೂ ಇಲ್ಲ. ಹದಿಮೂರನೆಯ ಶತಮಾನದ ಸಂತಚರಿತ್ರೆಯಲ್ಲಿ ವ್ಯಾಲೆಂಟೈನ್ ಅಧಿಕಾರಿಯೊಬ್ಬನ ಕುರುಡು ಮಗಳಿಗೆ ದೃಷ್ಟಿ ಬರಿಸುತ್ತಾರೆಯೇ ಹೊರತು ಪ್ರೇಮಪತ್ರ ಬರೆಯುವುದಿಲ್ಲ. ಆ ಕೆಲಸವನ್ನು ಮುಂದಿನವರು ಅವರ ಪರವಾಗಿ ಮಾಡಿಕೊಟ್ಟಿದ್ದಾರೆ.

ಈ ವಿಷಯದಲ್ಲಿ ಕ್ಯಾಥೊಲಿಕ್ ಚರ್ಚಿನ ಸಂಕೋಚ ಮೆಚ್ಚತಕ್ಕದ್ದು. ಹೆಸರು, ಮತ್ತು ಫೆಬ್ರುವರಿ 14ರಂದು ಫ್ಲಾಮಿನಿಯಾ ಹೆದ್ದಾರಿಯ ಬಳಿ ಸಮಾಧಿಯಾದ ಸಂಗತಿ, ಇವೆರಡನ್ನು ಬಿಟ್ಟರೆ ಅವರ ಬಗ್ಗೆ ಏನೂ ತಿಳಿಯದು ಎಂದು ಒಪ್ಪಿಕೊಂಡು ಅದು 1969ರಲ್ಲಿ ಅವರ ಹಬ್ಬವನ್ನು ತನ್ನ ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ಮೂಳೆಗಳಿಗೆ ಮಾತ್ರ ಅಂಥ ಸಂಕೋಚವಿಲ್ಲ. ಹೂವಿನ ಕಿರೀಟ ತೊಟ್ಟ ತಲೆಬುರುಡೆ ರೋಮಿನ ಒಂದು ಚರ್ಚಿನಲ್ಲಿದ್ದರೆ, 1836ರಲ್ಲಿ ಪೋಪರು ಕಳಿಸಿಕೊಟ್ಟ ಪೆಟ್ಟಿಗೆ ಡಬ್ಲಿನ್ನಿನಲ್ಲಿದೆ. ಇಟಲಿಯ ಟೆರ್ನಿ ಪಟ್ಟಣದವರಂತೂ ಸಂತರು ತಮ್ಮೂರಿನ ಬಿಷಪ್ಪರೇ ಎನ್ನುತ್ತಾರೆ. ಅಪಸ್ಮಾರದ ರೋಗಿಗಳಿಗೂ ಜೇನು ಸಾಕುವವರಿಗೂ ಇವರೇ ರಕ್ಷಕ ಸಂತರು, ಆದರೆ ಆ ಲೆಕ್ಕದಲ್ಲಿ ಯಾರೂ ಕಾರ್ಡು ಅಚ್ಚು ಹಾಕಿಸಿದಂತಿಲ್ಲ.

ಈ ದಿನಕ್ಕೆ ಪ್ರೇಮವನ್ನು ಗಂಟುಹಾಕಿದ್ದು ಸಂತರು ಸತ್ತು ಸಾವಿರ ವರ್ಷ ಕಳೆದ ಮೇಲೆ, ಇಂಗ್ಲೆಂಡಿನ ಚಾಸರ್ ಕವಿ. ಆತನ ಕಾವ್ಯದಲ್ಲಿ ಹಕ್ಕಿಗಳು ವ್ಯಾಲೆಂಟೈನರ ದಿನ ಸಭೆ ಸೇರಿ ಜೋಡಿ ಆರಿಸಿಕೊಳ್ಳುತ್ತವೆ. ಫೆಬ್ರುವರಿಯ ಚಳಿಯಲ್ಲಿ ಹಕ್ಕಿಗಳಿಗೆ ಆ ಉಮೇದು ಎಲ್ಲಿಂದ ಬರಬೇಕು ಎಂದು ತಕರಾರು ತೆಗೆದ ವಿದ್ವಾಂಸರೊಬ್ಬರು, ಮೇ ತಿಂಗಳಲ್ಲಿ ಹಬ್ಬವಿರುವ ಜಿನೋವಾದ ಇನ್ನೊಬ್ಬ ವ್ಯಾಲೆಂಟೈನರನ್ನೇ ಹುಡುಕಿ ತಂದಿದ್ದಾರೆ.

ಇದಕ್ಕಿಂತ ಸ್ವಾರಸ್ಯವಾದದ್ದು 1477ರ ಫೆಬ್ರುವರಿಯಲ್ಲಿ ನಾರ್ಫೋಕಿನ ಮಾರ್ಜರಿ ಬ್ರೂಸ್ ಎಂಬಾಕೆ ತಾನು ವರಿಸಲಿದ್ದ ಜಾನ್ ಪ್ಯಾಸ್ಟನ್ನನಿಗೆ ಬರೆಸಿದ ಪತ್ರ. ಇಂಗ್ಲಿಷಿನಲ್ಲಿ ಉಳಿದಿರುವ ಅತ್ಯಂತ ಹಳೆಯ ವ್ಯಾಲೆಂಟೈನ್ ಪತ್ರ ಇದೇ ಎಂದು ಹೆಸರಾಗಿದೆ. ಪ್ರಿಯ ವ್ಯಾಲೆಂಟೈನ್ ಎಂದು ಸಂಬೋಧಿಸಿ, ತನಗೆ ಮೈಯಲ್ಲೂ ಮನಸ್ಸಿನಲ್ಲೂ ನೆಮ್ಮದಿಯಿಲ್ಲವೆಂದು ಹೇಳಿಕೊಂಡ ಹುಡುಗಿ ಆಮೇಲೆ ನೇರವಾಗಿ ವ್ಯವಹಾರಕ್ಕೆ ಬರುತ್ತಾಳೆ: ಅಮ್ಮ ಅಪ್ಪನ ಬಳಿ ಎಷ್ಟು ಗೋಗರೆದರೂ ನಿಮಗೆ ಗೊತ್ತಿರುವುದಕ್ಕಿಂತ ಹೆಚ್ಚು ಹುಟ್ಟುತ್ತಿಲ್ಲ, ನನ್ನ ಮೇಲೆ ಪ್ರೀತಿಯಿದ್ದರೆ ಅಷ್ಟಕ್ಕೇ ಕೈಬಿಡಬೇಡಿ. ವರದಕ್ಷಿಣೆಯ ಚೌಕಾಶಿ! ಯಾವ ಶುಭಾಶಯದ ಕಾರ್ಡಿನಲ್ಲೂ ಈ ಸಾಲನ್ನು ಅಚ್ಚು ಮಾಡದಿರುವುದು ಉದ್ಯಮದ ದೊಡ್ಡ ಲೋಪ. ಮದುವೆಯೇನೋ ಆಯಿತು.

ಆಮೇಲೆ ಅಂಗಡಿ ತೆರೆಯಿತು. ಅಮೆರಿಕದಲ್ಲಿ ಲೇಸು ಕಾಗದದ ಪ್ರೇಮಪತ್ರಗಳನ್ನು ಹೆಂಗಸರ ತಂಡ ಕಟ್ಟಿ ರಾಶಿ ರಾಶಿ ಮಾಡಿಸಿದ ಎಸ್ತರ್ ಹೌಲೆಂಡ್ ಸ್ವತಃ ಮದುವೆಯಾಗದೆ ಉಳಿದದ್ದು ವ್ಯಾಪಾರಿಯ ವಿವೇಕವಿದ್ದೀತು.

ಜಪಾನಿನದು ಇನ್ನೂ ಒಂದು ಕೈ ಮೇಲು. ಅಲ್ಲಿ ಹೆಂಗಸರು ಪ್ರಿಯಕರನಿಗಷ್ಟೇ ಅಲ್ಲ, ಮೇಲಧಿಕಾರಿಗೂ ಸಹೋದ್ಯೋಗಿಗಳಿಗೂ ಚಾಕೊಲೇಟು ಹಂಚುತ್ತ ಬಂದಿದ್ದಾರೆ. ಅದಕ್ಕೆ ‘ಗಿರಿ ಚೊಕೊ’, ಅಂದರೆ ಕರ್ತವ್ಯದ ಚಾಕೊಲೇಟು, ಎಂಬ ಹೆಸರೂ ಇದೆ. ಗಂಡಸರು ಈ ಋಣ ತೀರಿಸಲೆಂದು ಮಿಠಾಯಿ ಉದ್ಯಮದವರೇ ಮಾರ್ಚ್ 14ನ್ನೂ ಹಬ್ಬ ಮಾಡಿಕೊಟ್ಟರು. ಎಂಥ ದೂರದೃಷ್ಟಿ ಎಂದು ಹೊಗಳೋಣವೆಂದರೆ ಬಾಯಿ ಬರುತ್ತಿಲ್ಲ. ಸಂಬಳಕ್ಕೆ ದುಡಿಯುವ ಹೆಣ್ಣುಮಗಳು ಮೇಲಿನವನ ಮುಖ ನೋಡಿಕೊಂಡು ತನ್ನ ಕೈಯಿಂದ ತೆರುವ ಈ ಕಪ್ಪಕ್ಕೂ ಪ್ರೀತಿಗೂ ಯಾವ ನಂಟೂ ಇಲ್ಲ; ಇದು ಶುದ್ಧ ದಬ್ಬಾಳಿಕೆ, ನಗುವ ವಿಷಯವೇ ಅಲ್ಲ. 2018ರಲ್ಲಿ ಈ ಪದ್ಧತಿಯನ್ನು ನಿಲ್ಲಿಸೋಣ ಎಂದು ಪತ್ರಿಕೆಯಲ್ಲಿ ಪುಟದಗಲದ ಜಾಹೀರಾತು ಹಾಕಿದ್ದು ಗೊಡೈವಾ, ಅದೂ ಒಂದು ಚಾಕೊಲೇಟು ಕಂಪನಿ. ಮನಸಾರೆ ಕೊಡುವವರು ಕೊಡುತ್ತಲೇ ಇರಲಿ ಎಂಬುದು ಅದರ ಆಸೆಯಾಗಿದ್ದರೆ ತಪ್ಪೇನಿಲ್ಲ.