ಈ ಸಲ ಏಪ್ರಿಲ್‌ನಲ್ಲಿ ಹೊಸ ನೆಲ್ಲು ಹುಲ್ಲು ಬರುವುದಿಲ್ಲ

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಕೊಡಲು, ಹೊಲಕ್ಕೆ ಹೋಗಿದ್ದೆವು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಊಟಕ್ಕೆ ಕುಳಿತಾಗ ಕಾಕಾ ಅಂದರು, "ಈ ವರ್ಷ ಮೇವಿನ ಚಿಂತೆ ಇಲ್ಲ ಬಿಡಪಾ." ಸುತ್ತ ಕುಳಿತವರೆಲ್ಲ ಹೌದೆಂದರು. ನನಗೆ ಮಾತ್ರ ಹೌದು ಅನ್ನಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆ ದನ ಕಟ್ಟಿದವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಒಣಭೂಮಿಯ ದನಗಳು ಬೇಸಿಗೆ ದಾಟುವುದು ನಮ್ಮ ಜೋಳದ ಕಣಿಕೆಯಿಂದ (ಒಣಗಿದ ದಂಟಿನಿಂದ) ಮಾತ್ರ ಅಲ್ಲ. ಬಣವೆ ಕರಗುವ ಹೊತ್ತಿಗೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಕಾಲುವೆ ನೀರಿನಲ್ಲಿ ಬೆಳೆದ ಎರಡನೇ ಬೆಳೆ ನೆಲ್ಲು ಕೊಯ್ಲಿಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಟ್ರ್ಯಾಕ್ಟರ್‌ಗಟ್ಟಲೆ ಹೊಸ ಹುಲ್ಲು ಈ ಕಡೆ ಬರುತ್ತದೆ. ಬೇಸಿಗೆಯಲ್ಲಿ ಮೇವಿನ ಬೆಲೆ ಕೈಮೀರದಂತೆ ತಡೆಯುವುದು ಆ ಹುಲ್ಲು. ನಾವೂ ಅದನ್ನೇ ನಂಬಿ "ಯುಗಾದಿ ಆಗಲಿ, ನೋಡೋಣ" ಅಂತ ಕುಳಿತಿರುತ್ತೇವೆ.

ಈ ಸಲ ಆ ಹುಲ್ಲು ಇರುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಈಗ 33 ಗೇಟುಗಳನ್ನೂ ಬದಲಿಸಬೇಕಾಗಿದೆ. ಆ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನ ಆಗಿದೆ. ನೀರಿಲ್ಲದಿದ್ದರೆ ನೆಲ್ಲಿಲ್ಲ, ನೆಲ್ಲಿಲ್ಲದಿದ್ದರೆ ಹುಲ್ಲಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಅಂತ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಬರ ಬಂದರೆ ಮಾತ್ರ ಮೇವು ದುಬಾರಿ ಅಂದುಕೊಂಡಿದ್ದೇವೆ.

2023ರ ಬರ ನೆನಪಿದೆ ಅಲ್ವಾ? ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಆಗಲೂ ಎರಡನೇ ಬೆಳೆಗೆ ಕಾಲುವೆಗೆ ನೀರು ಬರಲಿಲ್ಲ. ನಾನು 2024ರ ಏಪ್ರಿಲ್‌ವರೆಗೆ ಸುಮ್ಮನೆ ಕುಳಿತಿದ್ದೆ. ಬಣವೆಯ ಬುಡ ಕಾಣಿಸಿದಾಗ ಗಾಬರಿಯಾಗಿ ಓಡಿದೆ. ಡಿಸೆಂಬರ್‌ನಲ್ಲಿ ಕೇಳಿದ್ದ ದರದ ಎರಡರಷ್ಟು ಕೊಟ್ಟು ಒಂದು ಟ್ರ್ಯಾಲಿ ಹುಲ್ಲು ತಂದೆ. ಮೇಲಿನ ಹುಲ್ಲು ಬಂಗಾರದ ಹಾಗಿತ್ತು. ಒಳಗೆ ಕೈ ಹಾಕಿದರೆ ಬೂಸ್ಟು ಹಿಡಿದು ಕಪ್ಪಾಗಿತ್ತು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

ಕೊನೆಗೆ ಒಂದು ಎಮ್ಮೆ ಮಾರಿದೆವು. ಎರಡನೇ ಸೂಲಿನ ಎಮ್ಮೆ, ಐದು ತಿಂಗಳ ಗಬ್ಬ. ಸಂತೆಗೆ ಹೋದರೆ ಎಲ್ಲರೂ ಮಾರುವವರೇ, ಕೊಳ್ಳುವವರು ಇಲ್ಲ. ಹುಲ್ಲಿಗೆ ಎರಡು ಪಟ್ಟು ಕೊಟ್ಟ ತಿಂಗಳಲ್ಲೇ ಎಮ್ಮೆಯನ್ನು ಸಿಕ್ಕ ಬೆಲೆಗೆ ಬಿಟ್ಟುಬಂದೆ. ಅವ್ವ ಅವತ್ತು ಹೊರಗೆ ಬರಲಿಲ್ಲ. ಅದರ ಹಗ್ಗವನ್ನು ಇನ್ನೂ ತೆಗೆದಿಟ್ಟಿದ್ದಾಳೆ. ಆ ಎಮ್ಮೆಯನ್ನು ಡಿಸೆಂಬರ್‌ನಲ್ಲೇ ಮಾರಿದ್ದರೂ ಒಳ್ಳೆ ಬೆಲೆ ಬರುತ್ತಿತ್ತು. ಡಿಸೆಂಬರ್‌ನಲ್ಲೇ ಹುಲ್ಲು ತಂದಿದ್ದರೆ ಅದನ್ನು ಮಾರುವ ಮಾತೇ ಬರುತ್ತಿರಲಿಲ್ಲ.

ಅಂದಿನಿಂದ ನಾನು ಜೋಳ ಇನ್ನೂ ಹೊಲದಲ್ಲಿ ಇರುವಾಗಲೇ ಲೆಕ್ಕ ಹಾಕುತ್ತೇನೆ. ದೊಡ್ಡ ದನಕ್ಕೆ ಅದರ ಮೈತೂಕದ ನೂರು ಕೆಜಿಗೆ ದಿನಕ್ಕೆ ಎರಡರಿಂದ ಎರಡೂವರೆ ಕೆಜಿ ಒಣ ಆಹಾರ ಬೇಕು. ನಾನೂರು ಕೆಜಿಯ ಎತ್ತಿಗೆ ಎಂಟರಿಂದ ಹತ್ತು ಕೆಜಿ ಆಯಿತು. ಹಿಂಡಿ, ಹೊಟ್ಟು ಬಿಟ್ಟು ಬರೀ ಹುಲ್ಲು, ಕಣಿಕೆ ಎಂಟು ಕೆಜಿ ಹಿಡಿಯಿರಿ. ನಮ್ಮಲ್ಲಿ ಎರಡು ಎತ್ತು, ಎರಡು ಎಮ್ಮೆ, ಒಂದು ಆಕಳು, ಒಂದು ಮಣಕ (ಇನ್ನೂ ಈಯದ ಕಡಸು). ಮಣಕಕ್ಕೆ ಸ್ವಲ್ಪ ಕಡಿಮೆ ಹಿಡಿದರೆ ದಿನಕ್ಕೆ 45 ಕೆಜಿ. ಫೆಬ್ರವರಿಯಿಂದ ಜೂನ್ ಕೊನೆಯವರೆಗೆ 150 ದಿನ. 6,750 ಕೆಜಿ ಬೇಕು. ಗೋದಲಿಯಲ್ಲಿ ತುಳಿದು ಹಾಳಾಗುವುದನ್ನು ಸೇರಿಸಿದರೆ ಏಳೂವರೆ ಟನ್ ಹತ್ತಿರ. ಕಾರ ಹುಣ್ಣಿಮೆಗೆ ಮಳೆ ಬಂದರೂ ದನದ ಬಾಯಿಗೆ ಸಿಗುವಷ್ಟು ಹಸಿರು ಮೇಯುವುದಕ್ಕೆ ಬರಲು ಇನ್ನಷ್ಟು ದಿನ ಬೇಕು, ಆದ್ದರಿಂದ ಜೂನ್ ಬಿಡುವಂತಿಲ್ಲ.

ನಮ್ಮ ಹೊಲದ ಕಣಿಕೆ ಅದರ ಅರ್ಧಕ್ಕೆ ಸ್ವಲ್ಪ ಜಾಸ್ತಿ ಆಗಬಹುದು. ಮೊದಲು ಪೂರ್ತಿ ಆಗುತ್ತಿತ್ತು. ಈಗ ಅರ್ಧ ಹೊಲಕ್ಕೆ ಹತ್ತಿ ಹಾಕುತ್ತೇವೆ. ಹತ್ತಿಕಟ್ಟಿಗೆ ಒಲೆಗೆ ಬಂತು, ದನಕ್ಕೆ ಏನೂ ಬರಲಿಲ್ಲ. ಹತ್ತಿಯ ದುಡ್ಡು ಎಣಿಸುವಾಗ ಕಳೆದುಹೋದ ಮೇವಿನ ಬೆಲೆಯನ್ನು ಯಾರೂ ಕಳೆಯುವುದಿಲ್ಲ, ನಾನೂ ಕಳೆದಿರಲಿಲ್ಲ.

ಉಳಿದದ್ದನ್ನು ಈಗಲೇ ಕೊಳ್ಳಬೇಕು. ಟ್ರ್ಯಾಲಿ ಲೆಕ್ಕದಲ್ಲಿ ಕೊಳ್ಳಬೇಡಿ, ಕಾಟಾಕ್ಕೆ ಹಾಕಿಸಿ ತೂಕ ಮಾಡಿಸಿ. ಸಡಿಲವಾಗಿ ಒಟ್ಟಿದ ಟ್ರ್ಯಾಲಿಗೂ ಬಿಗಿದು ಒಟ್ಟಿದ್ದಕ್ಕೂ ತುಂಬಾ ವ್ಯತ್ಯಾಸ. ಒಳಗೆ ಮೊಣಕೈವರೆಗೆ ಕೈ ಹಾಕಿ ಬಿಸಿ ಇದೆಯಾ, ವಾಸನೆ ಇದೆಯಾ ನೋಡಿ.

ನೆಲ್ಲು ಹುಲ್ಲು ಕಣಿಕೆಗೆ ಸಮ ಅಲ್ಲ ಅನ್ನುವುದು ನಿಜ. ಅದರಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಭಾಗ ಅಷ್ಟೇ, ದನದ ಮೈಗೆ ಸುಣ್ಣದಂಶ ಸರಿಯಾಗಿ ಸೇರಲು ಬಿಡುವುದಿಲ್ಲ. ಯೂರಿಯಾದಲ್ಲಿ ಹದ ಮಾಡಿದರೆ ಪ್ರೋಟೀನ್ ಸುಮಾರು ಎರಡರಷ್ಟಾಗುತ್ತದೆ. ನೂರು ಕೆಜಿ ಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ, ಐವತ್ತು ಲೀಟರ್ ನೀರು. ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ತಾಡಪತ್ರಿಯಿಂದ ಗಾಳಿಯಾಡದಂತೆ 21 ದಿನ ಮುಚ್ಚಬೇಕು. ತೆಗೆದ ಮೇಲೆ ಗಾಳಿಗೆ ಆರಿಸಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಆರು ತಿಂಗಳ ಒಳಗಿನ ಕರುಗಳಿಗೆ ಬೇಡವೇ ಬೇಡ. ಯೂರಿಯಾ ನೀರಿನ ಬಕೆಟ್ ದನದ ಬಾಯಿಗೆ ಸಿಗುವ ಕಡೆ ಇಡಲೇಬೇಡಿ, ಕುಡಿದರೆ ಜೀವ ಹೋಗುತ್ತದೆ. ಮೊದಲ ಸಲ ಮಾಡುವವರು ಪಶು ಡಾಕ್ಟರನ್ನು ಕರೆಸಿ ತೋರಿಸಿಕೊಳ್ಳಿ.

ಡಾಕ್ಟರ್ ಬಂದಾಗ ಎಮ್ಮೆ, ಆಕಳು ಗಬ್ಬ ಇವೆಯಾ ಅಂತಲೂ ನೋಡಿಸಿ. ಗಬ್ಬ ನಿಲ್ಲದ, ಹಾಲೂ ಕೊಡದ ದನವನ್ನು ಬೇಸಿಗೆ ಪೂರ್ತಿ ಸಾಕಬೇಕೋ ಬೇಡವೋ ಅನ್ನುವುದನ್ನು ಸಂತೆಯಲ್ಲಿ ಬೆಲೆ ಇರುವ ಈ ತಿಂಗಳಲ್ಲೇ ನಿರ್ಧರಿಸಬೇಕು. ಚಳಿಗಾಲದ ರಾತ್ರಿ ಎಮ್ಮೆ ಬೆದೆಗೆ ಬಂದದ್ದನ್ನು ತಪ್ಪಿಸಿಕೊಳ್ಳಬೇಡಿ. ಬಿಸಿಲು ಏರಿದರೆ ಅದರ ಬೆದೆ ಕಾಣಿಸುವುದೇ ಕಷ್ಟ. ಹತ್ತು ತಿಂಗಳು ಹತ್ತು ದಿನಕ್ಕೆ ಈಯುವ ಪ್ರಾಣಿ. ಈಗ ಕಟ್ಟಿಸಿದರೆ ನವೆಂಬರ್ ಹೊತ್ತಿಗೆ ಈಯುತ್ತದೆ, ಆಗ ಬದುವಿನ ತುಂಬ ಹುಲ್ಲು ಇರುತ್ತದೆ.

ಇನ್ನೊಂದು ಮಾತು ಗಂಗಾವತಿ, ಕಾರಟಗಿ ಕಡೆಯ ಅಣ್ಣಂದಿರಿಗೆ. ಮಷಿನ್‌ನಲ್ಲಿ ಕೊಯ್ದ ಮೇಲೆ ನೀವು ಹುಲ್ಲು ಸುಡುವುದು ಎರಡನೇ ನಾಟಿಗೆ ಗದ್ದೆ ಬೇಗ ಖಾಲಿ ಆಗಬೇಕು ಅಂತ. ಆ ಅವಸರ ನನಗೆ ಅರ್ಥವಾಗುತ್ತದೆ. ಈ ಸಲ ನಾಟಿಯೇ ಇಲ್ಲವಲ್ಲ ಅಣ್ಣಾ. ಗದ್ದೆಯಲ್ಲಿ ಇನ್ನೂ ಉಳಿದಿರುವ ಹುಲ್ಲಿಗೆ ಬೆಂಕಿ ಇಡಬೇಡಿ. ಬೇಲರ್‌ನವರಿಗೆ ಹೇಳಿ ಉಂಡೆ ಕಟ್ಟಿಸಿ. ನಿಮ್ಮ ಊರಿಂದ ನಮ್ಮ ಊರಿಗೆ ಟ್ರ್ಯಾಕ್ಟರ್ ಒಂದು ದಿನದಲ್ಲಿ ಹೋಗಿ ಬರುತ್ತದೆ. ಬಾಡಿಗೆ ನಾವೇ ಕೊಡುತ್ತೇವೆ.

ಸೋಮವಾರ ಬೆಳಗ್ಗೆ ನಾವು ನಾಲ್ಕು ಮನೆಯವರು ಸೇರಿ ಎರಡು ಟ್ರ್ಯಾಕ್ಟರ್ ಮಾಡಿಕೊಂಡು ಕಾರಟಗಿ ಕಡೆ ಹೊರಟಿದ್ದೇವೆ. ಒಂದರಲ್ಲಿ ಅರ್ಧ ಟ್ರ್ಯಾಲಿಯಷ್ಟು ಜಾಗ ಉಳಿಯುತ್ತದೆ. ಕುಕನೂರು ರಸ್ತೆಯ ಊರಿನವರು ಯಾರಿಗಾದರೂ ಬೇಕಿದ್ದರೆ ಭಾನುವಾರ ಸಂಜೆಯೊಳಗೆ ಹೇಳಿ, ತೂಕ ಹಾಕಿಸಿಯೇ ತರುತ್ತೇವೆ.